ಪಾಪಯ್ಯನ ಮಿದ್ದೆಯ ಪಡುವಣ ಕಿಟಕಿ

ವೆಂಕಟರಾಯಪ್ಪನವರ ಮನೆಗೆ ಯಾರೇ ಬರಲಿ, ಕಾಫಿಗಿಂತ ಮೊದಲು ಮಗಳ ಲೇಖನ ಬರುತ್ತಿತ್ತು. ಸೊಸೈಟಿಯ ಕಾರ್ಯದರ್ಶಿ ಬಂದರೂ ಅಷ್ಟೇ, ಗೊಬ್ಬರದ ಮಾತಿಗೆ ಬಂದವನಾದರೂ ಅಷ್ಟೇ. ಗೋಡೆಯ ಗೂಡಿನಲ್ಲಿ ಕೈಯಿಟ್ಟು ಕಾಲೇಜಿನ ಸಂಚಿಕೆಯನ್ನು ತೆಗೆದು, ಮಡಿಚಿ ಮಡಿಚಿ ತಾನಾಗಿಯೇ ತೆರೆದುಕೊಳ್ಳುವಂತಾಗಿದ್ದ ಆ ಪುಟವನ್ನು ಬಂದವರ ಮುಂದೆ ಹಿಡಿಯುತ್ತಿದ್ದರು.

"ಓದ್ರಪ್ಪ. ನಮ್ಮ ಶ್ಯಾಮಲಮ್ಮ ಬರೆದಿರೋದು."

ಜಂಗಮಕೋಟೆಯಿಂದ ಒಳದಾರಿ ಹಿಡಿದರೆ ಸಿಗುವ ಆ ಊರಿನಲ್ಲಿ ಬಿ.ಎ. ಮಾಡಿದ ಹೆಣ್ಣು ಶ್ಯಾಮಲ ಒಬ್ಬಳೇ. ಬೆಂಗಳೂರಿನ ಹಾಸ್ಟೆಲಿನಲ್ಲಿದ್ದಾಗ ಕಾಲೇಜಿನವರು ಮದರಾಸಿಗೆ ಪ್ರವಾಸ ಕರೆದುಕೊಂಡು ಹೋಗಿದ್ದರು. ಮೌಂಟ್ ರಸ್ತೆಯಲ್ಲಿ ಹೊಸದಾಗಿ ಎದ್ದು ನಿಂತಿದ್ದ ಹದಿನಾಲ್ಕು ಅಂತಸ್ತಿನ ಕಟ್ಟಡವನ್ನು ನೋಡಿ ಬಂದವಳು ಅದರ ಮೇಲೆ ನಾಲ್ಕು ಪುಟ ಬರೆದಿದ್ದಳು. ಬಾಯಿಬಿಟ್ಟು ಮಾತಾಡು ಎಂದರೆ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುವ ಹುಡುಗಿ. ಕಾಗದ ಸಿಕ್ಕರೆ ಮಾತ್ರ ಅವಳಿಗೆ ಧೈರ್ಯ ಎಲ್ಲಿಂದಲೋ ಬರುತ್ತಿತ್ತು. 'ನಮ್ಮ ಹಳೆಯ ಅರಮನೆಗಳಿಗೆ ಮೇಲೆ ಕಲಶ, ಕೆಳಗೆ ಕತ್ತಲು. ಈ ಕಟ್ಟಡದಲ್ಲಿ ಮೇಲಿನವನ ಕಿಟಕಿಗೂ ಕೆಳಗಿನವನ ಕಿಟಕಿಗೂ ಒಂದೇ ಅಳತೆ' ಎಂದು ಬರೆದಿದ್ದಳು. ಆ ಸಾಲಿನ ಕೆಳಗೆ ಅಪ್ಪ ಕೆಂಪು ಪೆನ್ಸಿಲಿನಿಂದ ಗೆರೆ ಎಳೆದಿಟ್ಟಿದ್ದರು. ಅವರು ಖಾದಿ ಉಡುವ, ಜೋಡೆತ್ತಿನ ಗುರುತಿಗೆ ಊರೂರು ಸುತ್ತುವ ಕಾಂಗ್ರೆಸ್ಸಿಗರು. ತಮ್ಮ ಪಕ್ಷ ಇಷ್ಟು ವರ್ಷ ಹೇಳಲಾರದೆ ತಡವರಿಸಿದ್ದನ್ನು ಮಗಳು ಒಂದೇ ಸಾಲಿನಲ್ಲಿ ಹೇಳಿಬಿಟ್ಟಿದ್ದಾಳೆ ಎಂಬುದು ಅವರ ನಂಬಿಕೆ.

ಆ ನಂಬಿಕೆಗೆ ಕಲ್ಲು ಹೊಡೆಯಲು ನೆಂಟರಲ್ಲೇ ಒಬ್ಬರಿದ್ದರು. ಶ್ಯಾಮಲಳ ಸೋದರಮಾವ ಕೋನಪ್ಪ. ಚಿಂತಾಮಣಿಯ ಕಡೆಯವರು, ನೂಲಿನ ವ್ಯಾಪಾರಕ್ಕೆ ಮದರಾಸು ಕಂಡವರು, ಹೊಸದಾಗಿ ಸ್ವತಂತ್ರ ಪಕ್ಷ ಸೇರಿದವರು. ಅಕ್ಕನ ಮನೆಗೆ ಬಂದರೆ ಜಗಲಿಯಲ್ಲಿ ಕೂತು ಭಾವನ ಮೇಲೆ ಬೀಳದಿದ್ದರೆ ಉಂಡದ್ದು ಅರಗುತ್ತಿರಲಿಲ್ಲ.

"ನಾನೂ ನೋಡಿದೀನಿ ಬಾವಾ, ನಿಮ್ಮ ಹದಿನಾಲ್ಕು ಅಂತಸ್ತು. ಬೆಂಕಿಪೊಟ್ಟಣ ನಿಲ್ಲಿಸಿದಂಗೆ ಐತೆ. ಕತ್ತೆತ್ತಿದ್ರೆ ಪೇಟ ಬಿದ್ದೋಯ್ತು. ಅದಕ್ಕೊಂದು ಜಗಲಿ ಐತಾ? ದಾರಿಹೋಕ ಬಂದ್ರೆ ಕೂರೋಕೆ ಜಾಗ ಇಲ್ದಿರೋದನ್ನ ಕಟ್ಟಡ ಅಂತಾರಾ?"

"ಬರೀ ಜಗಲಿ ಕಟ್ಕೊಂಡು ಕೂತಿದ್ದಕ್ಕೇ ಕಣಯ್ಯ ದೇಶ ಹಿಂಗಾಗಿರೋದು."

"ವಿಧಾನಸೌಧ ನೋಡಿ. ಕಲ್ಲು, ಕಂಬ, ಮೇಲೊಂದು ಗುಮ್ಮಟ. ನೋಡಿದೋನು ಕೈ ಮುಗೀಬೇಕು. ನಿಮ್ಮ ಮದರಾಸಿಂದಕ್ಕೆ ಯಾವ ಕಡೆ ಮುಖ ಮಾಡಿ ಮುಗಿಯೋದು?"

"ಮುಗೀಬ್ಯಾಡ. ಯಾರಿಗೂ ಕೈ ಮುಗಿಯೋ ಹಂಗಿಲ್ದೆ ನಿಂತ್ಕೋ. ಅದೇ ನಮ್ಮ ಹುಡುಗಿ ಬರೆದಿರೋದು!"

ಒಳಗೆ ಬಾಗಿಲ ಮರೆಯಲ್ಲಿ ಶ್ಯಾಮಲಳ ಕಿವಿ ಬಿಸಿಯಾಗುತ್ತಿತ್ತು. ಆ ಕಟ್ಟಡವನ್ನು ಅವಳು ಹತ್ತಿಯೇ ಇರಲಿಲ್ಲ. ಎದುರಿನ ಕಾಲುದಾರಿಯಲ್ಲಿ ಗೆಳತಿಯರ ಹಿಂದೆ ನಿಂತು, ಬಸ್ಸು ಹೊರಡುವವರೆಗೆ ಕತ್ತೆತ್ತಿ ನೋಡಿದ್ದಳು, ಅಷ್ಟೇ. ಎತ್ತರದ ಕಿಟಕಿಯೊಂದರಿಂದ ಲೋಕ ಹೇಗೆ ಕಾಣುತ್ತದೆ ಎಂದು ಅವಳಿಗೆ ತಿಳಿದದ್ದು ಆಮೇಲೆ, ಅದೂ ತಮ್ಮ ಹಿತ್ತಲಿನಾಚೆಯ ಪಾಪಯ್ಯನ ಮಿದ್ದೆಯಲ್ಲಿ.

ಪಾಪಯ್ಯನ ಅಪ್ಪ ಇವರ ಕೊಟ್ಟಿಗೆಯಲ್ಲಿ ದನ ಕಾಯ್ದವನು. ಪಾಪಯ್ಯ ಹಿಪ್ಪುನೇರಳೆ ಹಾಕಿ, ರೇಷ್ಮೆ ಹುಳ ಸಾಕಿ, ಹೆಂಡತಿ ಚಿಕ್ಕಮುನಿಯಮ್ಮನ ಕೈಗುಣದಿಂದ ಒಂದರ ಹಿಂದೊಂದು ಬೆಳೆ ಗೆದ್ದು, ಊರಿನ ಗೌಡರಾದ ವೆಂಕಟರಾಯಪ್ಪನವರ ಹಿತ್ತಲ ಗೋಡೆಯ ಮೂಡಲಿಗಿದ್ದ ತನ್ನ ಗುಡಿಸಲಿನ ಜಾಗದಲ್ಲಿ ಕಲ್ಲುಚಪ್ಪಡಿಯ ಮನೆ ಎಬ್ಬಿಸಿದ್ದ. ಆ ಕಾರ್ತೀಕದಲ್ಲಿ ಅದರ ಮೇಲೊಂದು ಮಿದ್ದೆ ಏಳತೊಡಗಿತು. ಕೆಳಗೆ ಜನ, ಮೇಲೆ ಹುಳ. ಆ ಕೇರಿಯಲ್ಲಿ ಅದಕ್ಕೆ ಮೊದಲು ಯಾರೂ ಮಿದ್ದೆ ಕಟ್ಟಿರಲಿಲ್ಲ.

ಒಂದು ಮಧ್ಯಾಹ್ನ ಅಮ್ಮ ಅಕ್ಕಯ್ಯಮ್ಮ ಮಲಗಿದ್ದಾಗ ಶ್ಯಾಮಲ ಹಿತ್ತಲಲ್ಲಿ ಕರಿಬೇವು ಕೀಳುತ್ತಿದ್ದಳು. ಹಿಂಬಾಗಿಲ ಸಂದಿಯಿಂದ ಚಿಕ್ಕಮುನಿಯಮ್ಮ ಕರೆದಳು.

"ಅಮ್ಮಣ್ಣಿ, ಮಿದ್ದೆ ನೋಡ್ಬರ್ರಿ. ಹುಳ ಇಟ್ಮೇಲೆ ಹೊರಗಿನೋರ್ನ ಬಿಡಂಗಿಲ್ಲ, ದೃಷ್ಟಿಯಾಯ್ತದೆ. ಈಗ್ಲೇ ನೋಡ್ಬಿಡಿ. ಮದರಾಸಲ್ಲಿ ಅಷ್ಟೆತ್ತರದ್ದ ನೋಡಿದೋರು, ನಮ್ದನ್ನೂ ಒಂದ್ಕಿತ ನೋಡಿ ಹೇಳಿ, ಎಂಗದೆ ಅಂತ."

ಹೋಗಬಾರದೆಂದು ಗೊತ್ತಿತ್ತು. ಹೋಗಬೇಕೆನ್ನಿಸಿತು. ಕಲ್ಲಿನ ಮೆಟ್ಟಿಲು ಹತ್ತಿ ಮೇಲೆ ಬಂದರೆ ಸುಣ್ಣದ ಹಸಿ ವಾಸನೆ. ಮೂಡಲಿಗೊಂದು ಕಿಟಕಿ, ಪಡುವಣಕ್ಕೊಂದು ಕಿಟಕಿ, ಎರಡೂ ಒಂದೇ ಅಳತೆ. ಅದು ಕಣ್ಣಿಗೆ ಬಿದ್ದ ಕೂಡಲೇ ಅವಳಿಗೆ ನಗು ಬಂತು. ಪಡುವಣ ಕಿಟಕಿಯಲ್ಲಿ ಮುಖವಿಟ್ಟಳು. ಹೊಲಗಳಾಚೆ ನಂದಿಬೆಟ್ಟ ಮಲಗಿದ ಎತ್ತಿನ ಹಾಗಿತ್ತು. ಗಾಳಿ ಕೂದಲನ್ನೆಲ್ಲ ಹಿಂದಕ್ಕೆ ತಳ್ಳಿತು. ಕೆಳಗೆ ತಮ್ಮದೇ ಹಿತ್ತಲು. ಆದರೆ ಎಲ್ಲಿದೆ ಹಿತ್ತಲು? ಗೋಡೆಯ ನೆತ್ತಿ ಕಂಡಿತು, ಆಮೇಲೆ ಮುದಿ ಹುಣಸೆ ಮರದ ದಟ್ಟ ಹಸಿರು, ಅದರಾಚೆ ಮನೆಯ ಹೆಂಚು. ಬಾವಿ ಕಾಣಲಿಲ್ಲ. ಮರದಡಿಯ ಬಚ್ಚಲು ಕಾಣಲಿಲ್ಲ. ಬಗ್ಗಿ, ಪಕ್ಕಕ್ಕೆ ಸರಿದು ನೋಡಿದಳು. ಏನೂ ಇಲ್ಲ.

"ನಮ್ಮನೆ ಕಾಣೋದೇ ಇಲ್ಲ ಚಿಕ್ಕಮುನಿಯಮ್ಮ!"

"ಕಂಡು ನಮ್ಗೇನಾಗ್ಬೇಕಮ್ಮಣ್ಣಿ? ಗಾಳಿ ಆಡ್ಬೇಕು. ಬೇಸ್ಗೇಲಿ ಗಾಳಿ ಆಡ್ದಿದ್ರೆ ಹುಳ ಉಬ್ಬಿ ಸಾಯ್ತವೆ." ಅವಳು ಸ್ವಲ್ಪ ಅನುಮಾನಿಸಿ, ದನಿ ತಗ್ಗಿಸಿ ಕೇಳಿದಳು: "ಬೆಲ್ಲದ ಕಾಫಿ ಮಾಡಿದೀನಿ. ನಮ್ಮನೇದು... ಕುಡೀತೀರಾ?"

ಶ್ಯಾಮಲ ಕುಡಿದಳು. ಹಿತ್ತಾಳೆ ಲೋಟ ಬೂದಿ ಹಾಕಿ ತಿಕ್ಕಿ ತಿಕ್ಕಿ ಹೊಳೆಯುತ್ತಿತ್ತು. ತಾನು ಬರೆದದ್ದಕ್ಕೆ ತಕ್ಕ ಹಾಗೆ ಒಂದು ಸಲವಾದರೂ ನಡೆದುಕೊಂಡೆ ಎಂಬ ಹಿಗ್ಗು ಎರಡು ದಿನ ಅವಳ ಎದೆಯಲ್ಲಿ ಬೆಚ್ಚಗಿತ್ತು.

ಆಮೇಲೆ ಅಮ್ಮನ ಕಣ್ಣಿಗೆ ಕಿಟಕಿ ಬಿತ್ತು.

"ಇದೇನ್ರಿ ಇದು! ನಮ್ಮ ಹಿತ್ತಲ ಕಡೆಗೇ ಬಾಯ್ಬಿಟ್ಟದೆ. ಬಚ್ಚಲಿಗೆ ಸೂರಿಲ್ಲ, ಮನೇಲಿ ಮದುವೆಗೆ ಬಂದ ಹೆಣ್ಣದೆ. ಸಂಕ್ರಾಂತಿ ಕಳೆದ್ರೆ ಗೌರಿಬಿದನೂರಿನೋರು ನೋಡಕ್ಕೆ ಬರ್ತಾರೆ. ಇವಳು ಸ್ನಾನ ಮಾಡೋದನ್ನ ಊರೆಲ್ಲ ನೋಡ್ಬೇಕಾ?"

ವೆಂಕಟರಾಯಪ್ಪ ಪಾಪಯ್ಯನಿಗೆ ಹೇಳಿ ಕಳಿಸಿದರು. ಅವನು ಬಂದು ಜಗಲಿಯ ಕೆಳಗೆ ಟವಲು ಕೈಯಲ್ಲಿ ಹಿಡಿದು ನಿಂತ. ಚಿಕ್ಕಮುನಿಯಮ್ಮ ಅವನ ಹಿಂದೆ, ಅಂಗಳದ ಕಲ್ಲಿಗೆ ಒರಗಿ ನಿಂತಳು. ಕೋನಪ್ಪ ಎಂದಿನಂತೆ ಕಂಬಕ್ಕೆ ಬೆನ್ನು ಕೊಟ್ಟು ಎಲೆಅಡಿಕೆ ಹಾಕುತ್ತಿದ್ದರು.

"ಮಿದ್ದೆ ಬ್ಯಾಡ ಅಂತ ನಾನು ಹೇಳಲ್ಲ ಪಾಪಯ್ಯ," ವೆಂಕಟರಾಯಪ್ಪನವರ ದನಿ ಮೃದುವಾಗಿತ್ತು. "ನೀವೂ ಮೇಲಕ್ಕೆ ಬರ್ಬೇಕು. ನಾವು ಹೋರಾಡಿದ್ದೇ ಅದಕ್ಕೆ. ಆದ್ರೆ ಕಿಟಕಿ ಒಂದು ನೋಡಪ್ಪ... ಹೆಣ್ಣುಮಕ್ಕಳ ಮಾನದ ಪ್ರಶ್ನೆ."

ಕೋನಪ್ಪ ಎಲೆ ಉಗಿದು ಬಂದರು. "ಅವನ ಜಾಗ, ಅವನ ಗೋಡೆ. ಗೋಡೇಲಿ ತೂತು ಎಲ್ಲಿಡಬೇಕು ಅಂತ ನೀವ್ಯಾರು ಬಾವಾ ಹೇಳೋಕೆ? ಇವತ್ತು ಕಿಟಕಿಗೆ ಕೈ ಹಾಕ್ತೀರಿ, ನಾಳೆ ಜಮೀನಿಗೆ ಹಾಕ್ತೀರಿ. ನಿಮ್ಮ ಸರ್ಕಾರ ಮಾಡ್ತಿರೋದೂ ಇದೇ ತಾನೇ? ಹೇಳೋದು ಆಚಾರ, ತಿನ್ನೋದು ಬದನೆಕಾಯಿ!"

"ನೀನು ಸುಮ್ನಿರಯ್ಯ. ಇದು ಪಾಲಿಟಿಕ್ಸ್ ಅಲ್ಲ."

"ಸ್ವಾಮಿ, ಅಲ್ಲಿಂದ ಏನೂ ಕಾಣಲ್ಲ," ಎಂದ ಪಾಪಯ್ಯ. "ಹುಣಸೆ ಮರ ಅಡ್ಡ ಐತೆ. ನಾನೇ ನೋಡಿದೀನಿ."

"ಅಂದ್ರೆ ನೋಡಿದೀಯ!" ಎಂದರು ಗೌಡರು.

ಪಾಪಯ್ಯ ಟವಲನ್ನು ಇನ್ನೊಂದು ಕೈಗೆ ಬದಲಿಸಿದ. ವೆಂಕಟರಾಯಪ್ಪ ಸುತ್ತ ನೋಡಿದರು. "ಅವನು ಕಾಣಲ್ಲ ಅಂತಾನೆ, ಮನೆಯೋಳು ಕಾಣ್ತದೆ ಅಂತಾಳೆ. ಮೇಲಿಂದ ನೋಡಿರೋ ನಮ್ಮೋರು ಯಾರಾದ್ರೂ ಅವ್ರಾ? ಇಲ್ಲ. ಸರಿ, ಯಾರ ಮಾನದ ಮಾತೋ ಅವಳನ್ನೇ ಕೇಳಣ. ಶ್ಯಾಮಲಮ್ಮ, ಬಾಮ್ಮ ಇಲ್ಲಿ."

ಅವಳು ಹೊಸ್ತಿಲ ಮೇಲೆ ಬಂದು ನಿಂತಳು.

"ಓದಿದೋಳು ನೀನು. ನ್ಯಾಯವಾಗಿ ಹೇಳು. ಆ ಕಿಟಕಿಯಿಂದ ನಿನಗೆ ಮುಜುಗರ ಆಗ್ತದೋ ಇಲ್ವೋ?"

ಒಂದು ಮಾತು ಸಾಕಿತ್ತು. ಅಪ್ಪಾ, ನಾನು ಹತ್ತಿ ನೋಡಿದ್ದೀನಿ, ಏನೂ ಕಾಣಲ್ಲ. ಮಾತು ಗಂಟಲವರೆಗೆ ಬಂತು. ಅದರ ಬೆನ್ನಿಗೇ ಉಳಿದದ್ದೂ ಬಂತು: ಯಾವಾಗ ಹತ್ತಿದೆ? ಯಾರು ಕರೆದರು? ಅಲ್ಲೇನು ಮಾಡಿದೆ? ಕಾಫಿಯ ಬೆಲ್ಲದ ರುಚಿ ನಾಲಿಗೆಯ ಮೇಲೆ ಮತ್ತೆ ಬಂದಂತಾಯಿತು. ಅವಳು ಚಿಕ್ಕಮುನಿಯಮ್ಮನ ಕಡೆ ನೋಡಲು ಹೋಗಿ, ನೋಡಲಾರದೆ, ತಲೆ ತಗ್ಗಿಸಿದಳು.

ಆ ಸೀಮೆಯಲ್ಲಿ ಹೆಣ್ಣು ತಲೆ ತಗ್ಗಿಸಿದರೆ ಹೌದು ಎಂದೇ ಲೆಕ್ಕ. ವರ ಒಪ್ಪಿಗೆಯೇ ಎಂದು ಕೇಳಿದಾಗಲೂ ಅಷ್ಟೇ, ಬೇರೆ ಏನು ಕೇಳಿದಾಗಲೂ ಅಷ್ಟೇ.

"ನೋಡಿದ್ಯಾ? ಹುಡುಗಿ ತಲೆ ಎತ್ತಕ್ಕೇ ಆಗ್ತಿಲ್ಲ," ಎಂದರು ಅಪ್ಪ.

ಪಾಪಯ್ಯ ಹಿಂದಕ್ಕೆ ತಿರುಗಿ ಹೆಂಡತಿಯ ಮುಖ ನೋಡಿದ. ಅವಳು ನೆಲ ನೋಡುತ್ತಿದ್ದಳು. "ಆಗ್ಲಿ ಬುದ್ಧಿ," ಎಂದು ಟವಲು ಹೆಗಲಿಗೆ ಹಾಕಿಕೊಂಡು ಹೊರಟ. ಮಾರನೆಯ ದಿನ ಪಡುವಣ ಕಿಟಕಿಗೆ ಮಣ್ಣಿಟ್ಟಿಗೆ ಬಿತ್ತು. ಸುಣ್ಣದ ಗೋಡೆಯಲ್ಲಿ ಕಿಟಕಿಯಷ್ಟೇ ಅಗಲದ ಕೆಂಪು ತೇಪೆ ದೂರಕ್ಕೂ ಕಾಣುತ್ತಿತ್ತು.

ಸಂಕ್ರಾಂತಿಯಾಯಿತು. ಗೌರಿಬಿದನೂರಿನವರು ಬಂದರು. ಅಪ್ಪ ಅವರಿಗೂ ಸಂಚಿಕೆ ತೋರಿಸಿ ಕೆಂಪು ಗೆರೆಯ ಸಾಲನ್ನು ತಾವೇ ಗಟ್ಟಿಯಾಗಿ ಓದಿದರು. 'ಮೇಲಿನವನ ಕಿಟಕಿಗೂ ಕೆಳಗಿನವನ ಕಿಟಕಿಗೂ...' ಚಾಪೆಯ ಮೇಲೆ ಕೂತಿದ್ದ ಶ್ಯಾಮಲಳಿಗೆ ಅಲ್ಲೇ ಭೂಮಿ ಬಾಯ್ಬಿಡಬಾರದೇ ಅನ್ನಿಸಿತು. ವರನ ತಾಯಿ ಅವಳ ಕೆಂಪೇರಿದ ಮುಖ ನೋಡಿ ಮೆಚ್ಚಿಕೊಂಡರು. "ಎಷ್ಟು ನಾಚಿಕೆ ನೋಡಿ! ಓದಿದೋಳು ಅಂದ್ರೆ ನಂಬಕ್ಕಾಗಲ್ಲ." ಮದುವೆ ಶ್ರಾವಣಕ್ಕೆ ಎಂದು ನಿಂತಿತು. ಚುನಾವಣೆ ಬಂತು, ಹೋಯಿತು. ಜೋಡೆತ್ತು ಗೆದ್ದಿತು. ಗೆದ್ದ ದಿನ ಅಪ್ಪ ಊರಿಗೆಲ್ಲ ಸಕ್ಕರೆ ಹಂಚಿದರು. ಪಾಪಯ್ಯನೂ ಬಂದು ಕೈಯೊಡ್ಡಿ ಇಸಿದುಕೊಂಡು ಹೋದ.

ಯುಗಾದಿ ಕಳೆದು ಬಿಸಿಲು ಏರಿತು. ಮೊದಮೊದಲು ಗೋಡೆಯಾಚೆಯಿಂದ ವಾಸನೆ ಮಾತ್ರ ಬರುತ್ತಿತ್ತು. ಹುಳಿ ಬಂದಂಥ, ಕೊಳೆತಂಥ ವಾಸನೆ.

"ಹುಳಕ್ಕೆ ಹಾಲುತೊಂಡೆ ರೋಗ ಬಂದದಂತೆ," ಎಂದು ಅಮ್ಮ ಸೆರಗು ಮೂಗಿಗೆ ಒತ್ತಿಕೊಂಡರು. "ಹಣ್ಣಾಗಿ ಗೂಡು ಕಟ್ಟೋ ಹೊತ್ತಿಗೆ ಒಡೆದೋಗ್ತಾ ಅವಂತೆ. ಪಾಪ."

ಶ್ಯಾಮಲ ಹಿಂಬಾಗಿಲು ತೆಗೆದು ಹೋದಳು. ತಿಪ್ಪೆಯ ಪಕ್ಕದಲ್ಲಿ ಚಿಕ್ಕಮುನಿಯಮ್ಮ ತಟ್ಟೆ ತಟ್ಟೆ ಹುಳಗಳನ್ನು ಗುಂಡಿಗೆ ಸುರಿಯುತ್ತಿದ್ದಳು. ಬೆರಳುದ್ದದ ಹುಳಗಳು ಹಳದಿಗೆ ತಿರುಗಿ, ಊದಿ, ಮುಟ್ಟಿದರೆ ಹಾಲಿನಂಥದು ಸೋರುತ್ತಿತ್ತು. ಗೂಡು ಕಟ್ಟಲೆಂದು ತೊಳೆದು ಒಣಗಿಸಿದ್ದ ಬಿದಿರಿನ ಚಂದ್ರಿಕೆಗಳು ಗೋಡೆಗೆ ಒರಗಿ ಖಾಲಿ ನಿಂತಿದ್ದವು.

"ಹತ್ರ ಬರ್ಬ್ಯಾಡಿ ಅಮ್ಮಣ್ಣಿ, ವಾಸ್ನೆ."

"ಗಾಳಿ ಇಲ್ದೆ ಆಯ್ತಾ?"

"ಗಾಳಿ ಇಲ್ದೆ ಸೆಕೆ, ಸೆಕೆಗೆ ರೋಗ. ಯಾವ್ದರಿಂದ ಯಾವ್ದು ಅಂತ ಹೆಂಗೇಳದು ಬಿಡಿ."

"ನಾನು ಅವತ್ತು ಹೇಳ್ಬೇಕಿತ್ತು."

ಚಿಕ್ಕಮುನಿಯಮ್ಮ ತಟ್ಟೆ ಕೊಡವಿದಳು. "ಹೇಳ್ಬೌದಿತ್ತು. ನಾನೂ ಹೇಳ್ಬೌದಿತ್ತು. 'ನಿಮ್ಮ ಮಗಳೇ ಹತ್ತಿ ನೋಡವ್ಳೆ, ಕೇಳಿ ಬುದ್ಧಿ' ಅಂತ ನಾಲ್ಗೆ ತುದೀಲಿತ್ತು. ನಮ್ಮೋರೂ ತಿರುಗಿ ನನ್ನ ಮುಖ ನೋಡಿದ್ರು, ಹೇಳೇ ಅಂತ. ಆದ್ರೆ ಕಾಫಿ ಕುಡಿದಿದ್ರಲ್ಲ. ಮದುವೆ ಆಗೋ ಹೆಣ್ಣು. ಆ ಮಾತು ಗೌರಿಬಿದನೂರ್ಗಂಟ ಹೋದ್ರೆ? ಹುಳ ಇವತ್ತಲ್ದಿದ್ರೆ ನಾಳೆ ಇಡ್ಬೌದು ಅಂದ್ಕಂಡೆ." ಮತ್ತೊಂದು ತಟ್ಟೆ ಎತ್ತಿಕೊಂಡಳು. "ನೀವು ಚೆನ್ನಾಗಿರಿ, ಅಷ್ಟೇ."

ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ಶ್ಯಾಮಲ ಹಿತ್ತಲಿಗೆ ಬಂದು ಬಾವಿಯ ಕಟ್ಟೆ ಹಿಡಿದು ನಿಂತಳು. ಅಂದು ತಾನು ನೋಡಲಾರದೆ ಹೋದ ಆ ಮುಖ ತನ್ನನ್ನು ಕಾಪಾಡುತ್ತಿತ್ತು! ತಾನು ಬಾಯಿ ಮುಚ್ಚಿದ್ದು ತನಗಾಗಿ. ಅವಳು ಬಾಯಿ ಮುಚ್ಚಿದ್ದೂ ತನಗಾಗಿ.

ಅಂದು ಸಂಜೆ ಜಗಲಿಯಲ್ಲಿ ಹಳೆಯ ಜಗಳವೇ ನಡೆದಿತ್ತು. ಬೆಂಗಳೂರಿನಲ್ಲೂ ಮುಂದೆ ಮದರಾಸಿನಂಥದ್ದು ಏಳುತ್ತದೆ ಎಂದು ಅಪ್ಪ. ಎದ್ದರೆ ಹಲಸೂರು ಕೆರೆಗೆ ಬೀಳುತ್ತದೆ ಎಂದು ಕೋನಪ್ಪ. ಶ್ಯಾಮಲ ಹೊಸ್ತಿಲು ದಾಟಿ ಜಗಲಿಗೇ ಬಂದಳು. ಇಬ್ಬರೂ ತಿರುಗಿ ನೋಡಿದರು. ಅವಳು ಹಾಗೆ ಬರುವವಳಲ್ಲ.

"ಅಪ್ಪ, ಪಾಪಯ್ಯನ ಮಿದ್ದೆ ನಾನು ಹತ್ತಿದ್ದೆ. ಕಿಟಕಿ ಮುಚ್ಚೋಕೆ ಮೊದಲೇ. ಅಲ್ಲಿಂದ ನಮ್ಮ ಬಚ್ಚಲು ಕಾಣಲ್ಲ. ಅವತ್ತು ನಾನು ಹೇಳಲಿಲ್ಲ."

ಕೋನಪ್ಪ ತೊಡೆ ತಟ್ಟಿ ನಕ್ಕರು. "ಬಿತ್ತು ನೋಡಿ ಬಾವಾ ನಿಮ್ಮ ಜೋಡೆತ್ತಿನ ನೊಗ! ನಿಮ್ಮ ಮಗಳೇ ಸಾಕ್ಷಿ! ನಾನು ಅವತ್ತೇ ಹೇಳ್ಲಿಲ್ವಾ? ನಾಳೆ ಶಿಡ್ಲಘಟ್ಟದ ಸಂತೇಲಿ ಇದನ್ನ ಸಾರಿಸ್ದೇ ಇದ್ರೆ..."

ಅಪ್ಪ ನಗಲಿಲ್ಲ. ಮಗಳನ್ನೇ ನೋಡುತ್ತಿದ್ದರು. "ಹತ್ತಿದ್ದೆ ಅಂದ್ರೆ... ಅವರ ಮನೆಯೊಳಗೆ ಹೋಗಿದ್ದೆಯಾ?"

"ಹೋಗಿದ್ದೆ. ಕಾಫಿ ಕೊಟ್ಟರು. ಕುಡಿದೆ."

ಕೋನಪ್ಪನವರ ನಗು ಅರ್ಧಕ್ಕೇ ನಿಂತಿತು. ಬಾಯಲ್ಲಿದ್ದ ಎಲೆಅಡಿಕೆಯನ್ನು ಒಂದು ಕೆನ್ನೆಗೆ ತಳ್ಳಿ, ಬೀದಿಯ ಆಚೆ ಈಚೆ ನೋಡಿದರು. "ಮೆಲ್ಲಗೆ ಮಾತಾಡಮ್ಮ," ಎಂದರು. ಅವನ ಜಾಗ, ಅವನ ಗೋಡೆ ಎಂದಿದ್ದ ದನಿ ಅದಲ್ಲ. "ಬಾವಾ, ಇದು ಗೌರಿಬಿದನೂರಿನೋರ ಕಿವಿಗೆ ಬೀಳಬಾರದು."

"ಬೀಳಬಾರದು," ಎಂದರು ಅಪ್ಪ.

ಇಷ್ಟು ವರ್ಷದಲ್ಲಿ ಆ ಜಗಲಿಯ ಮೇಲೆ ಕಾಂಗ್ರೆಸ್ಸೂ ಸ್ವತಂತ್ರ ಪಕ್ಷವೂ ಒಂದೇ ಮಾತಿಗೆ ಬಂದದ್ದು ಅದೇ ಮೊದಲು. ಇಬ್ಬರೂ ತಲೆ ಹತ್ತಿರ ತಂದು ಕೂತರು. ಅಕ್ಕಯ್ಯಮ್ಮನಿಗೂ ಹೇಳುವುದು ಬೇಡ. ಪಾಪಯ್ಯ ಬಾಯಿ ಬಿಡುವವನಲ್ಲ. ಹುಡುಗಿ ಓದಿದವಳು, ತಿಳಿಯದೆ ಮಾಡಿದ್ದಾಳೆ. ಅವಳು ಎದುರಿಗೇ ನಿಂತಿದ್ದಾಳೆ ಎಂಬುದು ಇಬ್ಬರಿಗೂ ಮರೆತಂತಿತ್ತು.

"ಕಿಟಕಿ ತೆಗೆಸಿ," ಎಂದಳು ಶ್ಯಾಮಲ.

"ಏನು?"

"ಕಿಟಕಿ ತೆಗೆಸಿ ಅಪ್ಪ. ಇಲ್ಲಾಂದ್ರೆ..." ಸೆರಗಿನ ತುದಿ ಬೆರಳಿಗೆ ಎಷ್ಟು ಬಿಗಿಯಾಗಿ ಸುತ್ತಿತ್ತೆಂದರೆ ಬೆರಳು ಬೆಳ್ಳಗಾಗಿತ್ತು. "ಇಲ್ಲಾಂದ್ರೆ ಗೌರಿಬಿದನೂರಿಗೆ ನಾನೇ ಬರೀತೀನಿ."

ಮಗಳು ಬಾಯಲ್ಲಿ ಹೇಳಲಾರಳು, ಆದರೆ ಬರೆಯಬಲ್ಲಳು. ಅದು ವೆಂಕಟರಾಯಪ್ಪನವರಿಗೆ ಎಲ್ಲರಿಗಿಂತ ಚೆನ್ನಾಗಿ ಗೊತ್ತಿತ್ತು.

ಮಾರನೆಯ ಬೆಳಿಗ್ಗೆ ಪಾಪಯ್ಯ ಮತ್ತೆ ಜಗಲಿಯ ಕೆಳಗೆ ನಿಂತಿದ್ದ. ಶ್ಯಾಮಲ ಒಳಗಿನಿಂದ ಕೇಳುತ್ತಿದ್ದಳು.

"ಹುಳ ಹೋದ್ವಂತಲ್ಲಪ್ಪ, ಕೇಳಿ ಬಹಳ ನೋವಾಯ್ತು," ಎನ್ನುತ್ತಿದ್ದರು ಅಪ್ಪ. "ಯೋಚನೆ ಮಾಡಿದೆ. ಕಾಲ ಬದಲಾಗ್ತಾ ಅದೆ, ನಾವೂ ಬದಲಾಗ್ಬೇಕು. ಕಿಟಕಿ ತೆಗಿ. ಬೇಕಿದ್ರೆ ನಮ್ಮ ಬಚ್ಚಲಿಗೆ ನಾವು ತೆಂಗಿನ ಗರಿ ಹೊದಿಸ್ಕೋತೀವಿ."

"ನಿಮ್ಮ ಮನ್ಸು ದೊಡ್ಡದು ಬುದ್ಧಿ," ಎಂದ ಪಾಪಯ್ಯ. "ನಿಮ್ಮಂತೋರು ಊರಿಗೊಬ್ರಿದ್ರೆ ಸಾಕು."

"ಅಯ್ಯೋ, ಅದಕ್ಕೇನಂತೆ ಬಿಡು," ಎಂದ ಕೋನಪ್ಪನವರ ದನಿಯೂ ಕೇಳಿಸಿತು.

ಆ ಮಾತು ಊರೆಲ್ಲ ಹಬ್ಬಿತು. ಗೌಡರು ತಮ್ಮ ಮನೆಯ ಮಾನವನ್ನೂ ಲೆಕ್ಕಿಸದೆ ಪಾಪಯ್ಯನಿಗೆ ಕಿಟಕಿ ಬಿಟ್ಟುಕೊಟ್ಟರಂತೆ. ಸೊಸೈಟಿಯ ಕಾರ್ಯದರ್ಶಿ ಮನೆಗೇ ಬಂದು ಹೊಗಳಿಹೋದರು. ಅಪ್ಪ ಗೂಡಿಗೆ ಕೈ ಹಾಕಿ ಸಂಚಿಕೆ ತೆಗೆಯಲು ಹೋದವರು, ಒಳಬಾಗಿಲ ಕಡೆ ನೋಡಿ, ಕೈ ಹಿಂದಕ್ಕೆ ತೆಗೆದುಕೊಂಡರು. ಕಾಫಿ ತರಿಸಿದರು.

ಪಾಪಯ್ಯನ ಹೊಸ ಹುಳ ಎರಡನೇ ಜ್ವರ, ಅಂದರೆ ಪೊರೆ ಬಿಡುವ ನಿದ್ದೆ, ಕಳೆದು ಎದ್ದಿದ್ದವು. ಸೊಪ್ಪು ತಿನ್ನುವ ಸದ್ದು ಸಣ್ಣ ತುಂತುರು ಮಳೆಯ ಹಾಗೆ ಹಿತ್ತಲವರೆಗೂ ಕೇಳಿಸುತ್ತದೆ ಎಂದು ಶ್ಯಾಮಲಳಿಗೆ ಅನ್ನಿಸುತ್ತಿತ್ತು. ಅಷ್ಟು ದೂರ ಕೇಳಿಸುವುದಿಲ್ಲವೆಂದೂ ಗೊತ್ತಿತ್ತು. ಒಂದು ಬೆಳಿಗ್ಗೆ ಅವಳು ಬಚ್ಚಲಲ್ಲಿದ್ದಳು. ಕಲ್ಲುಚಪ್ಪಡಿಯ ಗೋಡೆಯಾಚೆ ಅಮ್ಮ ಹಂಡೆಯ ಒಲೆಗೆ ಸೌದೆ ತಳ್ಳುತ್ತಿದ್ದರು. ಗರಿ ಹೊದಿಸುವ ಮಾತು ಯಾರಿಗೂ ನೆನಪಿರಲಿಲ್ಲ. ಅವಳು ತಲೆ ಎತ್ತಿ ನೋಡಿದಳು. ಹುಣಸೆಯ ಎಲೆ, ಎಲೆಯ ಸಂದಿಯಲ್ಲಿ ಚೂರುಚೂರು ಆಕಾಶ. ಕಿಟಕಿ ಎಲ್ಲಿದೆಯೋ ಇಲ್ಲಿಂದಲೂ ಕಾಣದು.

ಆಗ ಎಲೆಗಳ ಆಚೆಯಿಂದ ಚಿಕ್ಕಮುನಿಯಮ್ಮನ ದನಿ ಬಂತು. ಅದರಲ್ಲಿ ನಗುವಿತ್ತು.

"ಅಮ್ಮಣ್ಣಿ! ಹಿತ್ತಲಲ್ಲಿ ಇದೀರಾ? ಗಾಳಿ ಎಂಗೆ ಬರ್ತಾ ಐತೆ ಗೊತ್ತಾ! ಅವತ್ತು ನೀವು ಬಂದಾಗ ಬಂದಂಗೇ!"

ಗೋಡೆಯಾಚೆ ಸೌದೆಯ ಸದ್ದು ನಿಂತಿತು. "ಯಾರನ್ನೇ ಅವಳು ಕರೀತಿರೋದು?" ಎಂದರು ಅಮ್ಮ. "ಅವತ್ತು ಅಂದ್ರೆ ಯಾವತ್ತು?"

ಶ್ಯಾಮಲ ಚೊಂಬು ತುಂಬಿಕೊಂಡು ತಲೆಯ ಮೇಲೆ ಸುರಿದುಕೊಂಡಳು. ಮತ್ತೆ ತುಂಬಿಕೊಂಡು ಮತ್ತೆ ಸುರಿದುಕೊಂಡಳು. ನೀರು ಕಲ್ಲಿಗೆ ಬಿದ್ದು ಭೋರ್ ಎಂದಿತು. ಆಚೆಯ ದನಿ ಇನ್ನೊಂದು ಸಲ ಕರೆದು, ಸ್ವಲ್ಪ ಕಾದು, ಸುಮ್ಮನಾಯಿತು.

"ಏನೋ ಗೊತ್ತಿಲ್ಲಮ್ಮ," ಎಂದಳು ಶ್ಯಾಮಲ. "ನೀರಿನ ಸದ್ದು. ಕೇಳಿಸ್ಲಿಲ್ಲ."